ಹೋದ ಕರೆಂಟೆಲ್ಲ ವಾಪಸ್ ಬಂದರೆ

“ಹೋದ ಕರೆಂಟೆಲ್ಲ ವಾಪಸ್ ಬರುತ್ತೆ ಅಂದ್ರೆ ನಮ್ಮಪ್ಪ ದುಡ್ಡು ಯಾತಕ್ಕೆ ಕಟ್ಟೋದು ಸರ್?”

ಬೆಂಗಳೂರಿನ ಬೇಗೂರಿನಲ್ಲಿ, ನಮ್ಮ ಮನೆಯ ವರಾಂಡದಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಈ ಪ್ರಶ್ನೆ ಕೇಳಿ ಏಳು ವರ್ಷವಾಯಿತು. ಈ ಡಿಸೆಂಬರ್ ಸಂಚಿಕೆಗೆ ನಮ್ಮ ಪುಟ್ಟ ಮಾಸಿಕದ ವಿದ್ಯಾರ್ಥಿ ಪುಟಕ್ಕೆ ಹತ್ತು ವರ್ಷ ತುಂಬುತ್ತದೆ. 2016ರ ಜನವರಿಯಿಂದ ಬಂದ ಪುಟಗಳನ್ನೆಲ್ಲ ಹರಡಿಕೊಂಡು ಕೂತಾಗ ನನಗೆ ಮೊದಲು ನೆನಪಾದದ್ದು ನಾವು ಬರೆದ ಯಾವ ಪಾಠವೂ ಅಲ್ಲ, ಈ ಹುಡುಗಿಯ ಪ್ರಶ್ನೆ. ಹತ್ತು ವರ್ಷದ ಲೆಕ್ಕ ಒಪ್ಪಿಸಬೇಕಾದರೆ ಅದರಿಂದಲೇ ಶುರುಮಾಡುವುದು ನ್ಯಾಯ.

ಪುಟ ಶುರುಮಾಡಿದಾಗ ನಮ್ಮ ಉದ್ದೇಶ ಸರಳವಾಗಿತ್ತು. ಎಂಟರಿಂದ ಹತ್ತನೇ ಕ್ಲಾಸಿನವರೆಗಿನ ಮಕ್ಕಳು ಬಾಯಿಪಾಠ ಮಾಡುವ, ಆದರೆ ಕೈಗೆ ಹತ್ತದ ವಿಷಯಗಳನ್ನು ತಿಂಗಳಿಗೊಂದರಂತೆ ಬಿಡಿಸಿ ಹೇಳುವುದು. ವಸ್ತು, ತೂಕ, ಶಾಖ ಇಂಥ ಭೌತವಿಜ್ಞಾನದ ಮೊದಲ ಸಂಗತಿಗಳು, ವಿದ್ಯುತ್ತು, ಹಳೆಯ ದರ್ಶನಗಳು, ಸರ್ಕಾರ. ಓದುವ ಮಕ್ಕಳು ಬೇಗೂರಿನವರು, ಸುತ್ತಲ ಹೊಂಗಸಂದ್ರ, ಕೂಡ್ಲು, ದೊಡ್ಡತೋಗೂರಿನವರು. ಅಪ್ಪ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಗೇಟಿನಲ್ಲಿ ಸೆಕ್ಯುರಿಟಿ, ಅಮ್ಮ ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವವಳು ಅಥವಾ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಮಾಡುವವಳು. ಮನೆಮಾತು ಕನ್ನಡವೇ ಆಗಿರಬೇಕೆಂದಿಲ್ಲ; ತೆಲುಗು, ತಮಿಳು, ಉರ್ದು, ರಾಯಚೂರು ಕಲಬುರಗಿ ಕಡೆಯ ಕನ್ನಡ, ಎಲ್ಲವೂ ಒಂದೇ ವಠಾರದಲ್ಲಿ.

ಮೊದಲ ವರ್ಷದ ಪುಟಗಳನ್ನು ಈಗ ಓದಿದರೆ ಎಲ್ಲದರ ಆರಂಭವೂ ಒಂದೇ ಥರ: ವ್ಯಾಖ್ಯೆ. ವಿದ್ಯುದಾವೇಶಗಳು ಹರಿಯುವ ದರವೇ ವಿದ್ಯುತ್ ಪ್ರವಾಹ. ವಸ್ತುವೊಂದರ ಮೇಲೆ ಭೂಮಿ ಬೀರುವ ಗುರುತ್ವ ಬಲವೇ ತೂಕ. ಜನರು ಆರಿಸಿದ ಪ್ರತಿನಿಧಿಗಳ ಆಡಳಿತವೇ ಪ್ರಜಾಪ್ರಭುತ್ವ. ಒಂದೂ ತಪ್ಪಿಲ್ಲ. ಮಕ್ಕಳು ಅವನ್ನು ಅಂದವಾಗಿ ನಕಲು ಮಾಡಿಕೊಂಡರು, ಪರೀಕ್ಷೆಯಲ್ಲಿ ಬರೆದರು, ನಂಬರೂ ಬಂತು. ಆದರೆ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದಾಗ ಬಹುಪಾಲು ಮಕ್ಕಳು “ಮೊದಲನೇದು ಸರ್” ಎಂದರು. ಯಾಕೆ? ಮೊದಲನೇ ಬಲ್ಬು ಕರೆಂಟನ್ನು ಸ್ವಲ್ಪ ತಿಂದು ಮಿಕ್ಕಿದ್ದನ್ನು ಎರಡನೆಯದಕ್ಕೆ ಬಿಡುತ್ತದೆ, ಅದಕ್ಕೆ.

ವ್ಯಾಖ್ಯೆ ಒಂದು ಕಡೆ ಕೂತಿತ್ತು, ಮಗುವಿನ ನಂಬಿಕೆ ಇನ್ನೊಂದು ಕಡೆ. ಎರಡಕ್ಕೂ ಮಾತುಕತೆಯೇ ಆಗಿರಲಿಲ್ಲ. ಮಕ್ಕಳು ಖಾಲಿ ಸ್ಲೇಟು ಹಿಡಿದು ಬರುವುದಿಲ್ಲ. ಕರೆಂಟು ಎಂಬ ಮಾತು ಅವರಿಗೆ ಮಾತು ಕಲಿತಾಗಿನಿಂದ ಗೊತ್ತು. ಕರೆಂಟು ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ, ಖರ್ಚಾಗುತ್ತದೆ. ಇಷ್ಟು ಜೀವಂತವಾದ ಮಾತಿನ ಮೇಲೆ ನಾವು ‘ವಿದ್ಯುತ್ ಪ್ರವಾಹ’ ಎಂಬ ಹೊಸ ಹೊದಿಕೆ ಹಾಸಿದೆವು, ಕೆಳಗೆ ಏನಿದೆ ಎಂದು ಎತ್ತಿ ನೋಡಲಿಲ್ಲ. ಹತ್ತು ವರ್ಷದಲ್ಲಿ ನಾವು ಮಾಡಿದ ದೊಡ್ಡ ತಪ್ಪು ಇದೇ.

ಎಸ್‌.ಪಿ. ರೋಡಿಗೆ ಹೋಗಿ ಒಂದು ಮಲ್ಟಿಮೀಟರ್, ನಾಲ್ಕಾರು ಟಾರ್ಚ್ ಬಲ್ಬು, ಹೋಲ್ಡರು, ಮೊಸಳೆ ಕ್ಲಿಪ್ಪಿನ ವೈರುಗಳನ್ನು ತಂದದ್ದು ಮೂರನೇ ವರ್ಷ. ಎರಡು ಸೆಲ್ಲು, ಒಂದು ಬಲ್ಬು. ಬಲ್ಬಿಗಿಂತ ಮೊದಲು ಮೀಟರ್ ಸೇರಿಸಿದಾಗ ಸೊನ್ನೆ ಬಿಂದು ಎರಡು ಎಂಟು ಆಂಪಿಯರ್ ತೋರಿಸಿತು. ಬಲ್ಬಿನ ಆಚೆ ಬದಿಗೆ ಸೇರಿಸುವ ಮುಂಚೆ ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು ಎಂದೆ. ಸೊನ್ನೆ ಬಿಂದು ಒಂದು ಎಂದು ಬರೆದವರಿದ್ದರು, ಪೂರ್ತಿ ಸೊನ್ನೆ ಎಂದು ಬರೆದವರೂ ಇದ್ದರು. ಮೀಟರ್ ಮತ್ತೆ ಸೊನ್ನೆ ಬಿಂದು ಎರಡು ಎಂಟನ್ನೇ ತೋರಿಸಿತು. ವರಾಂಡದಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಒಬ್ಬ ಹುಡುಗ ಮೀಟರೇ ಕೆಟ್ಟಿದೆ ಎಂದ. ವೈರುಗಳನ್ನು ತಾನೇ ಬಿಚ್ಚಿ ಮತ್ತೆ ಕಟ್ಟಿದ. ಅದೇ ಅಂಕಿ.

ಆಗ ಬಂದದ್ದು ಹುಡುಗಿಯ ಪ್ರಶ್ನೆ. ಹೋದದ್ದೆಲ್ಲ ವಾಪಸ್ ಬಂದರೆ ಬಿಲ್ಲು ಯಾತಕ್ಕೆ?

ನನಗೆ ಆ ದಿನ ಸರಿಯಾದ ಉತ್ತರ ಕೊಡಲಾಗಲಿಲ್ಲ. ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವ ನೀರಿನ ಹೋಲಿಕೆಯನ್ನೇ ಹೇಳಿದೆ: ವಿದ್ಯುತ್ತು ಪೈಪಿನೊಳಗಿನ ನೀರಿದ್ದ ಹಾಗೆ. ಅದು ಗೊಂದಲವನ್ನು ಹೆಚ್ಚಿಸಿತು. ಕಾರಣ ಆಮೇಲೆ ಹೊಳೆಯಿತು. ಬೇಗೂರಿನ ಮಗುವಿನ ಲೋಕದಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತದೆ, ಸಂಪಿಗೆ ಬೀಳುತ್ತದೆ, ಮೇಲಿನ ಸಿಂಟೆಕ್ಸಿಗೆ ಏರುತ್ತದೆ, ನಲ್ಲಿಯಿಂದ ಇಳಿದು ಪಾತ್ರೆ ತೊಳೆದು ಮೋರಿಗೆ ಹೋಗುತ್ತದೆ. ನೀರು ಅಂದರೆ ಖರ್ಚಾಗುವ ವಸ್ತು, ಮುಗಿದರೆ ಮತ್ತೆ ಟ್ಯಾಂಕರಿಗೆ ಫೋನು ಮಾಡಬೇಕಾದ ವಸ್ತು. ಕರೆಂಟು ನೀರಿನ ಹಾಗೆ ಎಂದರೆ ಅದೂ ಖರ್ಚಾಗುತ್ತದೆ ಎಂದೇ ಆ ಮಗು ತಿಳಿಯುವುದು. ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತದ ನೀರು ಹರಿದದ್ದು 2024ರ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ನೀರಿನ ಬೆಲೆ ಲೋಡಿನ ಲೆಕ್ಕದಲ್ಲಿ ಗೊತ್ತಿದ್ದ ಮಕ್ಕಳು ಇವರು. ಬೇರೆ ಊರಿಗೆ ಒಪ್ಪುವ ಹೋಲಿಕೆ ನಮ್ಮ ಊರಿಗೆ ಒಪ್ಪದೇ ಹೋಯಿತು.

ಉತ್ತರ ಸಿಕ್ಕಿದ್ದು ಶಿವನಸಮುದ್ರದಲ್ಲಿ. ಕಾವೇರಿಯ ಧುಮುಕಿನಿಂದ ವಿದ್ಯುತ್ತು ತೆಗೆದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು 1902ರ ಜೂನ್ 30ರಂದು. ಅಷ್ಟು ದೂರದ ತಂತಿ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಯೋಜನೆಗೆ ಬೆನ್ನೆಲುಬಾಗಿ ನಿಂತ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿಯಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಪೇಟೆ ಬೀದಿಯಲ್ಲಿ ಮೊದಲ ವಿದ್ಯುದ್ದೀಪ ಹತ್ತಿತು. ಮೊದಲು ಗಣಿಗೆ, ಆಮೇಲೆ ಪೇಟೆಗೆ, ಹಳ್ಳಿಗೆ ಎಲ್ಲಕ್ಕಿಂತ ಕೊನೆಗೆ; ಈ ಸಾಲಿನಲ್ಲಿ ವಿಜ್ಞಾನಕ್ಕಿಂತ ಆಡಳಿತವೇ ಹೆಚ್ಚು ಇದೆ ಎನ್ನುವುದನ್ನು ಮಕ್ಕಳಿಗೆ ಹೇಳದೆ ಬಿಡಬಾರದು. ಅದಿರಲಿ. ನಾನು ಕೇಳಿದ್ದು ಇಷ್ಟೇ: ಶಿವನಸಮುದ್ರದಲ್ಲಿ ಟರ್ಬೈನು ತಿರುಗಿಸಿದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ? ತಮಿಳುನಾಡಿಗೆ, ಎಂದರು. ಎಷ್ಟು ಕಡಿಮೆಯಾಗಿ? ಯೋಚಿಸಿದರು. ಒಂದು ಹನಿಯೂ ಕಡಿಮೆಯಾಗದೆ. ಹಾಗಾದರೆ ನೀರು ಕಳಕೊಂಡದ್ದೇನು?

ಬಿಲ್ಲಿನ ಪ್ರಶ್ನೆ ಕೇಳಿದ್ದ ಹುಡುಗಿಯೇ ಹೇಳಿದಳು: “ಎತ್ತರ.”

ಪುಸ್ತಕದ ‘ವಿಭವಾಂತರ’ ಎಂಬ ನಾಲಿಗೆ ತೊಡರಿಸುವ ಪದಕ್ಕೆ ಅರ್ಥ ಬಂದದ್ದು ಆಗ. ಸೆಲ್ಲು ಆವೇಶಗಳನ್ನು ಎತ್ತರಕ್ಕೆ ಏರಿಸುತ್ತದೆ. ಅವು ಬಲ್ಬಿನ ತಂತಿಯ ಮೂಲಕ ಇಳಿಯುತ್ತವೆ, ಇಳಿಯುವಾಗ ಕೆಲಸ ಮಾಡಿಸುತ್ತವೆ, ಲೆಕ್ಕಕ್ಕೆ ಒಂದೂ ತಪ್ಪದಂತೆ ಸೆಲ್ಲಿಗೆ ಮರಳುತ್ತವೆ. ಖರ್ಚಾದದ್ದು ಆ ಇಳಿತ, ಅಂದರೆ ಶಕ್ತಿ. ಅಪ್ಪ ದುಡ್ಡು ಕಟ್ಟುವುದು ಅದಕ್ಕೆ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹೋಗಿ ಬರುವಂಥದ್ದು, ಅಲ್ಲಿ ಚಿತ್ರ ಇನ್ನೂ ಸ್ವಲ್ಪ ಜಟಿಲ. ಆದರೂ ಲೆಕ್ಕ ಮಾತ್ರ ಶಕ್ತಿಯದೇ. ಇನ್ನೊಂದು ಸಂಗತಿಯೂ ಮಕ್ಕಳನ್ನು ಬೆರಗಾಗಿಸಿತು. ಟಾರ್ಚಿನ ತಂತಿಯಲ್ಲಿ ಎಲೆಕ್ಟ್ರಾನುಗಳು ಸಾಗುವ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಡಿಮೆ. ಹಾಗಿದ್ದರೂ ಸ್ವಿಚ್ಚು ಒತ್ತಿದ ಕೂಡಲೇ ಬೆಳಕು ಬರುತ್ತದೆ, ಏಕೆಂದರೆ ತಂತಿ ಮೊದಲೇ ತುಂಬಿದ ಪೈಪು. ಈ ತುದಿಯಲ್ಲಿ ತಳ್ಳಿದರೆ ಆ ತುದಿಯಲ್ಲೂ ಚಲನೆ.

ಆಮೇಲೆ ನಾವು ವಠಾರದ ಮೀಟರಿನ ಮುಂದೆ ನಿಂತೆವು. ನನ್ನ ಮಟ್ಟಿಗೆ ಈ ಹತ್ತು ವರ್ಷದ ಅತಿ ಒಳ್ಳೆಯ ಪಾಠ ಅದು. ಡಿಜಿಟಲ್ ಮೀಟರಿನ ಮುಖದ ಮೇಲೆ ಒಂದು ಕೆಂಪು ಚುಕ್ಕೆ ಮಿನುಗುವುದನ್ನು ಎಲ್ಲರೂ ನೋಡಿರುತ್ತಾರೆ. ಅದರ ಪಕ್ಕದಲ್ಲೇ 3200 ಎಂದು ಅಚ್ಚಾಗಿತ್ತು. ಅಂದರೆ ಚುಕ್ಕೆ 3200 ಸಲ ಮಿನುಗಿದರೆ ಒಂದು ಯೂನಿಟ್. ಮನೆಯ ಎಲ್ಲವನ್ನೂ ಆರಿಸಿ, 9 ವಾಟಿನ ಒಂದೇ ಒಂದು ಎಲ್‌ಇಡಿ ಬಲ್ಬು ಹಾಕಿ ಕಾದೆವು. ಒಂದು ಮಿನುಗು. ಮುಂದಿನದಕ್ಕೆ ಎರಡು ನಿಮಿಷಕ್ಕೂ ಮೇಲೆ ಕಾಯಬೇಕಾಯಿತು. ಮಕ್ಕಳಿಗೆ ಬೇಸರ ಬರುವಷ್ಟು. ಬಳಿಕ ಮನೆಯ ಹೆಂಗಸು ಬಕೆಟ್ಟಿಗೆ ನೀರು ಕಾಯಿಸುವ ಕಾಯಿಲ್ ಇಳಿಬಿಟ್ಟು ಸ್ವಿಚ್ಚು ಹಾಕಿದರು, 1500 ವಾಟಿನದು. ಕೆಂಪು ಚುಕ್ಕೆ ಪಟಪಟ ಬಡಿಯತೊಡಗಿತು, ನಿಮಿಷಕ್ಕೆ 80 ಸಲ. ಒಬ್ಬ ಹುಡುಗ ತನ್ನ ಮಣಿಕಟ್ಟಿನ ನಾಡಿ ಹಿಡಿದು ನೋಡಿ “ಸೇಮ್ ಸ್ಪೀಡ್” ಎಂದ. 9 ವಾಟಿನ ಬಲ್ಬು ಒಂದು ಯೂನಿಟ್ ಮುಗಿಸಲು ಸುಮಾರು 111 ಗಂಟೆ; ಈ ಕಾಯಿಲ್ ಅದನ್ನು 40 ನಿಮಿಷದಲ್ಲಿ ಮುಗಿಸುತ್ತದೆ. ವಾಟು ಬೇರೆ, ಯೂನಿಟ್ ಬೇರೆ, ಒಂದು ವೇಗ, ಇನ್ನೊಂದು ಒಟ್ಟು ಮೊತ್ತ ಎಂದು ನಾನು ಹೇಳಬೇಕಾಗಿ ಬರಲಿಲ್ಲ. ಆ ತಾಯಿ ಕೂಡ ಅಂದಿನಿಂದ ಚುಕ್ಕೆ ನೋಡಿ ಕಾಯಿಲ್ ಆರಿಸುತ್ತಾರಂತೆ. ಒಂದು ಮಾತನ್ನು ಮಾತ್ರ ಪ್ರತಿ ಸಲವೂ ಅಚ್ಚು ಮಾಡಿದ್ದೇವೆ, ಮುಂದೆಯೂ ಮಾಡುತ್ತೇವೆ: ಕೈಯಿಟ್ಟು ಮಾಡುವ ಪ್ರಯೋಗ ಟಾರ್ಚ್ ಸೆಲ್ಲಿನಲ್ಲಿ ಮಾತ್ರ. ಮನೆಯ ಲೈನಿನಲ್ಲಿ ಕಣ್ಣಿಗೆ ಮಾತ್ರ ಕೆಲಸ, ಕೈಗಲ್ಲ.

ದರ್ಶನಗಳ ವಿಷಯದಲ್ಲಿ ನಾವು ಬೇರೆ ಥರ ಎಡವಿದೆವು. ಅಲ್ಲಿ ಮಗು ಆಗಲೇ ಹಿಡಿದುಕೊಂಡಿರುವುದು ನಂಬಿಕೆಗಿಂತ ಹೆಚ್ಚಾಗಿ ಹೆಮ್ಮೆ. ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಪರಮಾಣುವಿನ ಪಾಠ ತೆರೆದರೆ ಮೊದಲಿಗೇ ಕಣಾದನ ಹೆಸರಿದೆ, ಪಕುಧ ಕಾತ್ಯಾಯನನ ಹೆಸರಿದೆ, ಗ್ರೀಸಿನ ಡೆಮಾಕ್ರಿಟಸನದೂ ಇದೆ. ಮುಂದಿನ ಪುಟಕ್ಕೆ ಡಾಲ್ಟನ್ ಬರುತ್ತಾನೆ. “ನಮ್ಮವರು ಆಗಲೇ ಕಂಡುಹಿಡಿದುಬಿಟ್ಟಿದ್ರು” ಎಂದು ಮಕ್ಕಳು ಹೇಳುವಾಗ ನಾವು ಮೊದಮೊದಲು ತಲೆದೂಗಿದ್ದೇ ಹೆಚ್ಚು. ಏನು ಕಂಡುಹಿಡಿದರು, ಹೇಗೆ, ಯಾವ ಪ್ರಶ್ನೆಗೆ ಉತ್ತರವಾಗಿ ಎಂದು ಕೇಳಲಿಲ್ಲ. ಹೀಗೆ ತಲೆದೂಗಿದರೆ ಕಣಾದನಿಗೂ ಅನ್ಯಾಯ, ಡಾಲ್ಟನ್‌ಗೂ ಅನ್ಯಾಯ.

ಒಂದು ಪದದಿಂದ ಇದನ್ನು ಸರಿಪಡಿಸಲು ಯತ್ನಿಸಿದೆವು. ಗುರುತ್ವ. ಇಂದು ನಮ್ಮ ಪುಸ್ತಕಗಳಲ್ಲಿ ಗುರುತ್ವಾಕರ್ಷಣೆ ಎಂದರೆ ನ್ಯೂಟನ್ನನದು. ಆದರೆ ಈ ಪದ ಕಣಾದನ ಅನುಯಾಯಿಗಳಾದ ವೈಶೇಷಿಕರ ಮನೆಯದು. ಕೈ ಹಿಡಿದದ್ದು ಬಿಟ್ಟರೆ ವಸ್ತು ಬೀಳುವುದು ಅದರ ಗುರುತ್ವದಿಂದ ಎಂದು ಕಣಾದನ ಸೂತ್ರ ಹೇಳುತ್ತದೆ. ಅಲ್ಲಿ ಗುರುತ್ವ ಎಂದರೆ ವಸ್ತುವಿನೊಳಗೇ ಇರುವ ಒಂದು ಗುಣ, ಅಂದರೆ ಭಾರ. ನ್ಯೂಟನ್ನನಲ್ಲಿ ಅದು ಎರಡು ರಾಶಿಗಳ ನಡುವಿನ ಸೆಳೆತ; ಭೂಮಿ ಮಾವಿನಕಾಯನ್ನು ಸೆಳೆಯುತ್ತದೆ, ಮಾವಿನಕಾಯಿ ಭೂಮಿಯನ್ನೂ ಅಷ್ಟೇ ಬಲದಿಂದ ಸೆಳೆಯುತ್ತದೆ. ಒಂದೇ ಪದ, ಎರಡು ಬೇರೆ ಲೋಕ. ಇಂಥ ಜಾಗದಲ್ಲಿ ನಿಂತಾಗ ಮಗುವಿಗೆ ಎರಡೂ ಕಾಣುತ್ತವೆ: ಹಳಬರು ಎಷ್ಟು ದೂರ ನಡೆದಿದ್ದರು, ಅಲ್ಲಿಂದ ಮುಂದಿನ ಹೆಜ್ಜೆ ಎಷ್ಟು ದೊಡ್ಡದು.

‘ಅಣು’ವಿನ ಕಥೆ ಇನ್ನೂ ಗೋಜಲು. ಪುಸ್ತಕದಲ್ಲಿ ಪರಮಾಣು ಎಂದರೆ ಧಾತುವಿನ ಕಿರಿಯ ಕಣ, ಅಣು ಎಂದರೆ ಪರಮಾಣುಗಳ ಕೂಡಿಕೆ. ಪೇಪರು ತೆರೆದರೆ ಅಣುಬಾಂಬು, ಕೈಗಾದ ಅಣು ವಿದ್ಯುತ್ ಸ್ಥಾವರ. ಕೈಗಾದಲ್ಲಿ ಒಡೆಯುವುದು ಅಣುವನ್ನಲ್ಲ, ಪರಮಾಣುವಿನ ನಡುವಿನ ಬೀಜವನ್ನು. ಹುಡುಗನೊಬ್ಬ ಕೇಳಿದ: “ನೀರಿನ ಅಣು ಒಡೆದ್ರೂ ಬಾಂಬ್ ಆಗುತ್ತಾ ಸರ್?” ಅವನ ತರ್ಕ ಸರಿಯಾಗೇ ಇತ್ತು. ತಪ್ಪು ನಮ್ಮ, ಪತ್ರಿಕೆಯವರ, ಬಳಕೆಯದು. ಆ ತಿಂಗಳಿನಿಂದ ನಮ್ಮ ಪತ್ರಿಕೆಯ ಎಲ್ಲ ಪುಟಗಳಲ್ಲೂ ‘ಪರಮಾಣು ವಿದ್ಯುತ್ ಸ್ಥಾವರ’ ಎಂದೇ ಅಚ್ಚಾಗುತ್ತಿದೆ.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಅದೃಷ್ಟ ಎಂಬ ಪದದ ಪಾಠ. ಮಣಿಯೊಂದು ತಾನಾಗಿ ಚಲಿಸುವುದಕ್ಕೆ, ಸೂಜಿ ಅಯಸ್ಕಾಂತದ ಕಡೆ ಸರಿಯುವುದಕ್ಕೆ ಕಾರಣ ‘ಅದೃಷ್ಟ’ ಎಂದು ವೈಶೇಷಿಕ ಸೂತ್ರ ಹೇಳುತ್ತದೆ. ಅಕ್ಷರಾರ್ಥದಲ್ಲಿ ಕಾಣದ್ದು. ತಳ್ಳುವ ಕೈಯಿಲ್ಲ, ಎಳೆಯುವ ಹಗ್ಗವಿಲ್ಲ, ಸೂಜಿ ಮಾತ್ರ ಸರಿಯುತ್ತದೆ. ಗ್ರೀಕರು ಉಜ್ಜಿದ ಅಂಬರು ಹುಲ್ಲುಕಡ್ಡಿಯನ್ನು ಸೆಳೆಯುವುದನ್ನು ಕಂಡಿದ್ದರು. ಆ ಅಂಬರಿನ ಗ್ರೀಕ್ ಹೆಸರೇ ಇಂದು ಎಲೆಕ್ಟ್ರಾನು ಎಂಬ ಪದದಲ್ಲಿ ಉಳಿದಿದೆ. ಸಂಸ್ಕೃತದಲ್ಲೂ ಅದಕ್ಕೆ ತೃಣಮಣಿ, ಹುಲ್ಲು ಸೆಳೆಯುವ ಮಣಿ, ಎಂಬ ಹೆಸರುಂಟು. ಕಾಣದ ಕಾರಣಕ್ಕೆ ಒಂದು ಹೆಸರು ಕೊಟ್ಟು, ಅದನ್ನು ಹುಡುಕಬೇಕಾದ ಜಾಗ ಎಂದು ಗುರುತಿಟ್ಟಂತೆ ನಾನು ಆ ಸೂತ್ರವನ್ನು ಓದುತ್ತೇನೆ. ಕರ್ಮ, ಧರ್ಮ, ಅಧರ್ಮಗಳ ಫಲವೆಂಬ ಅರ್ಥವೂ ಅದೃಷ್ಟಕ್ಕೆ ಆ ದರ್ಶನದಲ್ಲೇ ಇದೆ ಎಂಬುದನ್ನು ಮರೆಮಾಚುವಂತಿಲ್ಲ. ಕನ್ನಡಕ್ಕೆ ಬರುವ ಹೊತ್ತಿಗೆ ಪದ ಲಾಟರಿಯ ಕಡೆ ವಾಲಿತು. ಕಾಣದ್ದು ಎಂದರೆ ಕೇಳಬಾರದ್ದು ಎಂದಾಯಿತು. ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರು ಎಬ್ಬಿಸುವ ಪಾಠದ ದಿನ ಮಕ್ಕಳು ಹಲಗೆಯ ಮೇಲೆ ‘ಅದೃಷ್ಟ = ಇನ್ನೂ ಕಾಣದ್ದು’ ಎಂದು ಬರೆದರು. ನಾನು ಅಳಿಸಲಿಲ್ಲ.

ಈ ದರ್ಶನಗಳು ನಮ್ಮ ಊರಿಗೆ ದೂರದವಲ್ಲ. ಬೇಗೂರಿನಲ್ಲಿ ಗಂಗರ ಕಾಲದ ನಾಗತ್ತರನೆಂಬ ವೀರನ ಮಗಳು ತೊಂಡಬ್ಬೆ ಸಮಾಧಿ ಮರಣ ಹೊಂದಿದ ನಿಸಿದಿಯ ಶಾಸನವಿದೆ. ಸಾವಿರದ ನೂರು ವರ್ಷದ ಹಿಂದೆ ಇಲ್ಲೊಬ್ಬ ಹೆಣ್ಣುಮಗಳು ಜೈನ ದರ್ಶನದ ದಾರಿಯಲ್ಲಿ ದೇಹ ಬಿಟ್ಟಳು. ಆ ದರ್ಶನಕ್ಕೂ ತನ್ನದೇ ಪರಮಾಣುವಾದವಿದೆ, ಅದು ವೈಶೇಷಿಕರದ್ದಕ್ಕಿಂತ ಬೇರೆ. ವೈಶೇಷಿಕರಿಗೆ ಪೃಥ್ವಿ, ನೀರು, ತೇಜಸ್ಸು, ಗಾಳಿಗಳ ಪರಮಾಣುಗಳು ನಾಲ್ಕು ಬೇರೆ ಜಾತಿಯವು. ಜೈನರಿಗೆ ಎಲ್ಲ ಪರಮಾಣುವೂ ಮೂಲದಲ್ಲಿ ಒಂದೇ ಬಗೆಯವು, ಸ್ನಿಗ್ಧ ಮತ್ತು ರೂಕ್ಷ, ಅಂದರೆ ಜಿಡ್ಡು ಮತ್ತು ಒರಟು ಎಂಬ ಗುಣಗಳಿಂದ ಒಂದಕ್ಕೊಂದು ಕೂಡುತ್ತವೆ. ಗಂಗ ಅರಸ ದುರ್ವಿನೀತನ ಗುರುವೆಂದು ಪರಂಪರೆ ಹೇಳುವ ಜೈನಾಚಾರ್ಯ ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ಗ್ರಂಥದಲ್ಲಿ ಇಂಥ ಸಹಜ ಕೂಡಿಕೆಗೆ ಕೊಟ್ಟ ಉದಾಹರಣೆಗಳಲ್ಲಿ ಮೊದಲನೆಯದು ಮಿಂಚು. ಇದನ್ನು ಓದಿದಾಗ ಮೈ ಜುಮ್ಮೆಂದದ್ದು ನಿಜ. ಪುಟದಲ್ಲಿ ಅದನ್ನು ಬರೆಯುವಾಗ ‘ಧನ ಋಣ ಆವೇಶ ಅವರಿಗೆ ಗೊತ್ತಿತ್ತು’ ಎಂಬ ಸಾಲು ಪೆನ್ನಿನ ತುದಿಗೆ ಬಂದಿತ್ತು. ಹೊಡೆದುಹಾಕಿದೆ. ಗೊತ್ತಿರಲಿಲ್ಲ. ಅಳೆಯುವ ಉಪಾಯವಿಲ್ಲದೆ, ಬರೀ ವಿಚಾರದಿಂದ, ಮಿಂಚಿನ ಹಿಂದೆ ಎರಡು ವಿರುದ್ಧ ಗುಣಗಳಿರಬೇಕೆಂದು ಊಹಿಸಿದರು. ಆ ಊಹೆಗೆ ಇರುವ ಮರ್ಯಾದೆ ಅದಕ್ಕೇ ಸಾಕು, ಸಾಲ ತಂದ ಕಿರೀಟ ಬೇಡ.

ಸರ್ಕಾರದ ಪಾಠಕ್ಕೆ ಬೇಗೂರಿಗಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಮ್ಮ ಊರಿನ ವೀರಗಲ್ಲು ನಿಂತಿದೆ. ಆನೆಗಳು, ಕುದುರೆಗಳು, ಬಿದ್ದ ಕಾಲಾಳುಗಳು; ಇಷ್ಟು ಕಿಕ್ಕಿರಿದ ಯುದ್ಧಚಿತ್ರ ಅಪರೂಪ. ಗಂಗರ ಎರೆಯಪ್ಪನ ಪರವಾಗಿ ನಾಗತ್ತರ ವೀರಮಹೇಂದ್ರನ ಮೇಲೆ ತುಂಬೆಪಾಡಿಯಲ್ಲಿ ಕಾದಿ ಮಡಿದ. ಆಮೇಲೆ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ‘ಬೆಂಪೂರು ಹನ್ನೆರಡ’ನ್ನು, ಅಂದರೆ ಹನ್ನೆರಡು ಹಳ್ಳಿಗಳನ್ನು, ಕಲ್ನಾಡು ಎಂಬ ದತ್ತಿಯಾಗಿ ಕೊಟ್ಟ. ಆ ಬೆಂಪೂರೇ ಇಂದಿನ ಬೇಗೂರು. ಕೊಟ್ಟ ಹಳ್ಳಿಗಳ ಹೆಸರೂ ಕಲ್ಲಿನ ಮೇಲಿವೆ: ತೊವಗೂರು ಎಂದು ಓದಿದರೆ ದೊಡ್ಡತೋಗೂರಿನ ಮಕ್ಕಳ ಕಿವಿ ನಿಮಿರುತ್ತದೆ, ಕೂಡಲೆ ಎಂದರೆ ಕೂಡ್ಲಿನವರದು, ಇಗ್ಗಲೂರಂತೂ ಅಕ್ಷರ ಬದಲಾಗದೆ ಉಳಿದಿದೆ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಹೊರತಂದದ್ದು 1905ರಲ್ಲಿ, ಪೇಟೆಗೆ ವಿದ್ಯುದ್ದೀಪ ಬಂದ ವರ್ಷವೇ. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವ, ಬೆಂಗಳೂರ ಕಾಳಗವನ್ನು ಹೇಳುವ ಶಾಸನವೂ ನಮ್ಮ ನಾಗೇಶ್ವರ ದೇವಸ್ಥಾನದ್ದೇ. ಇದು ಊರಿನ ಹೆಮ್ಮೆಯಾಗಿ ಎಲ್ಲರಿಗೂ ಗೊತ್ತು.

ಮಕ್ಕಳನ್ನು ಬಸ್ಸಿನಲ್ಲಿ ಮ್ಯೂಸಿಯಂಗೆ ಕರೆದೊಯ್ದ ದಿನ ಆ ಹೆಮ್ಮೆಯ ಮಾತನ್ನೇ ಹೇಳುತ್ತ ನಿಂತಿದ್ದೆ. ಎಂಟನೇ ಕ್ಲಾಸಿನ ಹುಡುಗ, ಕಲಬುರಗಿ ಕಡೆಯವನು, ಕಲ್ಲಿನ ಮುಂದೆ ನಿಂತು ಕೇಳಿದ: “ಹನ್ನೆರಡು ಹಳ್ಳಿ ಕೊಟ್ರು ಅಂತೀರಲ್ರೀ ಸರ, ಹಳ್ಳಿ ಮಂದಿನ್ನ ಕೇಳಿದ್ರೇನು?”

ಪ್ರಜಾಪ್ರಭುತ್ವದ ವ್ಯಾಖ್ಯೆಯಿಂದ ಆರಂಭಿಸಿದ್ದ ನಮ್ಮ ಎಲ್ಲ ಪುಟಗಳಿಗಿಂತ ಆ ಒಂದು ಪ್ರಶ್ನೆ ದೊಡ್ಡದು. ಕೇಳಿರಲಿಲ್ಲ; ಕೇಳುವ ಪದ್ಧತಿಯೇ ಇರಲಿಲ್ಲ. ಕೇಳುವ ಪದ್ಧತಿ ಹುಟ್ಟುತ್ತ ಬಂದ ಕಥೆಯೇ ಸರ್ಕಾರದ ಪಾಠ ಎಂದು ಆಮೇಲಿನ ಸಂಚಿಕೆಗಳಲ್ಲಿ ಬರೆದೆವು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಸೇರಿಸಿದರು, 144 ಮಂದಿ. ಅಹವಾಲು ಹೇಳಬಹುದಿತ್ತು, ತೀರ್ಮಾನ ಮಾಡುವಂತಿರಲಿಲ್ಲ. 1987ರಲ್ಲಿ ಮಂತ್ರಿ ಅಬ್ದುಲ್ ನಜೀರ್ ಸಾಬರ ಕಾನೂನಿನಂತೆ ನಡೆದ ಪಂಚಾಯತಿ ಚುನಾವಣೆಯಲ್ಲಿ ಹೆಂಗಸರಿಗೆ ನಾಲ್ಕರಲ್ಲಿ ಒಂದು ಪಾಲು ಸಿಕ್ಕಿತು. 1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದು, ಹಳ್ಳಿಗೂ ನಗರಕ್ಕೂ ಐದು ವರ್ಷಕ್ಕೊಮ್ಮೆ ಚುನಾಯಿತ ಸಭೆ ಇರಲೇಬೇಕೆಂದಾಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದಾಗ ಬೇಗೂರೂ ನಗರದೊಳಕ್ಕೆ ಬಂತು, ವಾರ್ಡ್ ಎನಿಸಿಕೊಂಡಿತು.

ಇಲ್ಲಿಗೆ ಬಂದಾಗ ಪುಟ ನಿಂತುಬಿಡುತ್ತಿತ್ತು. ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ನಂತರ ಬಂದದ್ದು ಆಡಳಿತಾಧಿಕಾರಿ. ಐದು ವರ್ಷ ತುಂಬುವಾಗಲೂ ಚುನಾವಣೆಯಾಗಿರಲಿಲ್ಲ. 2025ರ ಸೆಪ್ಟೆಂಬರ್ 2ರಂದು ಪಾಲಿಕೆಯೇ ಐದಾಗಿ ಒಡೆಯಿತು. 2023ರಿಂದ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ದಿನವೂ ಸಂವಿಧಾನದ ಪೀಠಿಕೆ ಓದುವ ಮಕ್ಕಳು ಇವರು. ಎಂಟನೇ ಕ್ಲಾಸಿಗೆ ಬಂದ ಹುಡುಗಿ ಪಿಯುಸಿ ಮುಗಿಸುವ ಹೊತ್ತಿಗೂ “ನಮ್ಮ ಕಾರ್ಪೊರೇಟರ್ ಯಾರು” ಎಂಬ ಪ್ರಶ್ನೆಗೆ ಹೆಸರಿರಲಿಲ್ಲ. ಪುಸ್ತಕದ ಪಾಠ ಸುಳ್ಳಲ್ಲ, ಕಾನೂನು ಸುಳ್ಳಲ್ಲ, ಹೊರಗೆ ಮಾತ್ರ ಅದು ನಡೆಯುತ್ತಿರಲಿಲ್ಲ. ಇಂಥ ಪಾಠವನ್ನು ಮಕ್ಕಳಿಗೆ ಹೇಗೆ ಹೇಳಬೇಕು? ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅದರ ಬಗ್ಗೆ ನನಗೆ ಕೋಪವಿದೆ. ಅದನ್ನು ಮಕ್ಕಳಿಂದ ಬಚ್ಚಿಡಲಿಲ್ಲ.

ಕೊನೆಗೆ ಸರ್ಕಾರವನ್ನೂ ವಿದ್ಯುತ್ತನ್ನೂ ಒಂದೇ ಕಾಗದದಲ್ಲಿ ತೋರಿಸಿದ್ದು ಕರೆಂಟ್ ಬಿಲ್ಲು. ಬೆಸ್ಕಾಂ ರಾಜ್ಯ ಸರ್ಕಾರದ ಒಡೆತನದ ಕಂಪನಿ. 1957ರ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ನಿಗಮವಾಗಿ, ಅದು ಒಡೆದು 2002ರಲ್ಲಿ ಹುಟ್ಟಿದ್ದು. ದರ ಗೊತ್ತುಮಾಡುವುದು ಕಂಪನಿಯಲ್ಲ, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ತೆರಿಗೆ ರಾಜ್ಯಕ್ಕೆ. 2023ರ ಜುಲೈಯಿಂದ ಗೃಹಜ್ಯೋತಿ, 200 ಯೂನಿಟ್‌ವರೆಗೆ ಉಚಿತ, ಶುರುವಿನಲ್ಲಿ ಅದೂ ಹಿಂದಿನ ವರ್ಷದ ಸರಾಸರಿಗೆ ಶೇಕಡ 10 ಕೂಡಿಸಿದಷ್ಟು. ಕಂಬ ಬಿದ್ದರೆ 1912ಕ್ಕೆ ಫೋನು, ನೀರಿಗೆ ಜಲಮಂಡಳಿ, ಕಸಕ್ಕೆ ಪಾಲಿಕೆ. ಸರ್ಕಾರ ಎಂದರೆ ವಿಧಾನಸೌಧದ ಚಿತ್ರ ಬರೆಯುತ್ತಿದ್ದ ಮಕ್ಕಳು ಈಗ ಒಂದು ಬಿಲ್ಲಿನ ಸುತ್ತ ಮೂರು ನಾಲ್ಕು ಕೈಗಳನ್ನು ಗುರುತಿಸುತ್ತಾರೆ. ವಠಾರದ ಮಕ್ಕಳಲ್ಲಿ ಕೆಲವರು ಇನ್ನೂ ಮುಂದೆ ಹೋದರು. ಓನರ್ ಸಬ್ ಮೀಟರ್ ಹಾಕಿ ಯೂನಿಟ್‌ಗೆ ಇಷ್ಟು ಎಂದು ತೆಗೆದುಕೊಳ್ಳುತ್ತಾರೆ. ಮೇನ್ ಮೀಟರಿನ ಬಿಲ್ಲು ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರು. ಲೆಕ್ಕದಲ್ಲಿ ಏನು ಬಂತು ಎಂಬುದು ಆ ಮನೆಯವರ ವಿಷಯ, ಇಲ್ಲಿ ಬರೆಯುವುದು ಸರಿಯಲ್ಲ. ಆದರೆ ಲೆಕ್ಕ ಹಾಕಲು ಬಂತು.

ನಾವು ಹೊಸದೇನನ್ನೂ ಶುರುಮಾಡಿದವರಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಎರಡು ವರ್ಷ ಬಾಳಿತು. 1936ರಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ ಬರೆದರು. 1962ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. 1978ರಿಂದ ‘ಬಾಲವಿಜ್ಞಾನ’ ಮಾಸಪತ್ರಿಕೆ ಬಂತು. ಅವರ ಕೆಲಸದ ಮುಂದೆ ನಮ್ಮದು ಒಂದು ವರಾಂಡದ ಅಳತೆಯದು.

ಆಗದೇ ಉಳಿದ ಕೆಲಸ ಬಹಳ. ಶಾಖ ಮತ್ತು ತಾಪ ಎರಡೂ ಬೇರೆ ಎಂಬುದನ್ನು ಮೂರು ಸಲ ಬರೆದೆವು, ಮೂರು ಸಲವೂ ಸರಿಹೋಗಲಿಲ್ಲ. ಲೋಕಾಯತರ ಬಗ್ಗೆ ಒಂದೇ ಪುಟ ಬಂತು, ಬೌದ್ಧರ ಬಗ್ಗೆ ಬರಲೇ ಇಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ, ವಿದ್ಯಾಗಮವೆಂದು ಮೇಷ್ಟ್ರುಗಳು ಬಯಲಿಗೆ, ಜಗಲಿಗೆ ಬಂದು ಪಾಠ ಮಾಡುತ್ತಿದ್ದಾಗ, ನಮ್ಮ ಅಚ್ಚು ನಿಂತಿತ್ತು. ಆ ವರ್ಷದ ಮಕ್ಕಳಿಗೆ ನಾವು ಏನನ್ನೂ ಕೊಡಲಿಲ್ಲ. ಆ ಬ್ಯಾಚಿನವರನ್ನು ರಸ್ತೆಯಲ್ಲಿ ಕಂಡಾಗ ಈಗಲೂ ಅದು ಚುಚ್ಚುತ್ತದೆ.

ಬಿಲ್ಲಿನ ಪ್ರಶ್ನೆ ಕೇಳಿದ ಹುಡುಗಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಜನವರಿಯಿಂದ ಈ ಪುಟವನ್ನು ಅವಳೇ ನೋಡಿಕೊಳ್ಳುತ್ತಾಳೆ. ಮೊದಲ ಸಂಚಿಕೆಗೆ ಅವಳು ವ್ಯಾಖ್ಯೆ ಬರೆದಿಲ್ಲ, ಓದುಗರಿಗೆ ಒಂದು ಕೆಲಸ ಹಚ್ಚಿದ್ದಾಳೆ. ನಿಮ್ಮ ಮನೆಯ ಮೀಟರಿನ ಮೇಲೆ ಚುಕ್ಕೆಯ ಪಕ್ಕ ಎಷ್ಟೆಂದು ಬರೆದಿದೆ ನೋಡಿ. ಎಲ್ಲ ಸ್ವಿಚ್ಚೂ ಆರಿಸಿದ ಮೇಲೂ ಚುಕ್ಕೆ ಮಿನುಗಿದರೆ, ಎಷ್ಟು ನಿಮಿಷಕ್ಕೊಮ್ಮೆ ಎಂದು ಎಣಿಸಿ, ಅದು ಏನಿರಬಹುದು ಎಂಬ ನಿಮ್ಮ ಅಂದಾಜಿನೊಂದಿಗೆ ಒಂದು ಕಾರ್ಡು ಹಾಕಿ. ಮೊದಲು ಅಂದಾಜು ಬರೆಯಿರಿ, ಆಮೇಲೆ ಹುಡುಕಿ.